ನೆಲಕ್ಕೆ ಮುಟ್ಟದ ಪರದೆ

೧೯೫೭ರ ಸಾರ್ವತ್ರಿಕ ಚುನಾವಣೆ. ನಾನಾಗ ಮುಂಬಯಿಯ ಗ್ರಾಂಟ್ ರೋಡಿನ ಸರ್ಕಾರಿ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತ. ಜೋಗೇಶ್ವರಿಯ ಆಚೆ, ಗುಡ್ಡದ ಬುಡದ ಕಲ್ಲುಗಣಿಯ ವಸತಿಗೆ ಪ್ರಿಸೈಡಿಂಗ್ ಆಫೀಸರ್ ಆಗಿ ಹೋಗಬೇಕೆಂದು ಆದೇಶ ಬಂತು. ಅಲ್ಲಿದ್ದವರೆಲ್ಲ ವಿಜಾಪುರ ಕಡೆಯ ಒಂದೇ ಹಳ್ಳಿಯಿಂದ ಬಂದ ಕಲ್ಲು ಒಡೆಯುವವರು. ನಾನು ಧಾರವಾಡದವನು, ಕನ್ನಡ ಬಲ್ಲವನು. ಹಾಗಾಗಿ ಕೆಲಸ ನನ್ನ ಕೊರಳಿಗೇ ಬಿತ್ತು. ಚುನಾವಣೆಯ ಡ್ಯೂಟಿ ಎಂದರೆ ನನಗೆ ಆಗಲೇ ಸಾಕುಸಾಕಾಗಿತ್ತು.

ಆಗಿನ ಪದ್ಧತಿಯನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಮತಪತ್ರದ ಮೇಲೆ ಮುದ್ರೆ ಒತ್ತುವುದಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಗುರುತು. ಮತದಾರ ಪರದೆಯ ಹಿಂದೆ ಹೋಗಿ ತನಗೆ ಬೇಕಾದವರ ಪೆಟ್ಟಿಗೆಯಲ್ಲಿ ಕಾಗದ ಹಾಕಿ ಬರಬೇಕು. ನಮ್ಮಲ್ಲಿ ವಿಧಾನಸಭೆಗೆ ನಿಂತವರು ಇಬ್ಬರು. ಎಡಗಡೆ ಮರದ ಗುರುತಿನ ಪೆಟ್ಟಿಗೆ, ಬಲಗಡೆ ಸೈಕಲ್ಲಿನದು. ಲೋಕಸಭೆಯ ಪೆಟ್ಟಿಗೆಗಳು ಪಕ್ಕದ ಕೋಣೆಯಲ್ಲಿದ್ದವು, ಅದರ ಮಾತು ಇಲ್ಲಿ ಬೇಡ.

ಈ ಜನ ಊರು ಬಿಟ್ಟಿದ್ದರೂ ಊರಿನ ಕಟ್ಟು ಬಿಟ್ಟಿರಲಿಲ್ಲ. ಮತದಾನಕ್ಕೆ ಮೊದಲೇ ದೈವ ಕೂಡಿತ್ತು. ಹಿರಿಯರ ಸಭೆಗೆ ಅವರು ಹಾಗೆನ್ನುತ್ತಾರೆ. ಎಲ್ಲರೂ ಭಂಡಾರವನ್ನು, ಅಂದರೆ ದೇವರ ಅರಿಸಿನವನ್ನು ಮುಟ್ಟಿ, ಮರಕ್ಕೇ ಹಾಕುವುದೆಂದು ಆಣೆ ಮಾಡಿದ್ದರು. ಇದನ್ನು ನನಗೆ ಹೆಮ್ಮೆಯಿಂದ ಹೇಳಿದವನು ಮುಕಾದಮ ಭೀಮಪ್ಪ. ಗಣಿಯಲ್ಲಿ ಯಾರಿಗೆ ಕೆಲಸ, ಯಾರಿಗೆ ಗುಡಿಸಲು ಎಂಬುದೆಲ್ಲ ಅವನ ಕೈಯಲ್ಲಿತ್ತು. ಮರದ ಗುರುತಿನವರ ಏಜೆಂಟನಾಗಿ ಕೋಣೆಯೊಳಗೆ ಕೂರಲು ಅವನಿಗೆ ಅಧಿಕೃತ ಚೀಟಿಯೂ ಇತ್ತು. ಸೈಕಲ್ಲಿನವರು ಅಷ್ಟು ದೂರಕ್ಕೆ ಯಾರನ್ನೂ ಕಳಿಸಿರಲಿಲ್ಲ.

ನಾನು ಖುರ್ಚಿ ತೋರಿಸಿದೆ. "ಬ್ಯಾಡ್ರಿ ಸಾಹೇಬ್ರ," ಎಂದ ಭೀಮಪ್ಪ, "ನಿಮ್ಮ ಸಮಾ ಖುರ್ಚಿ ಮ್ಯಾಲ ಕುಂಡ್ರೂದು ಚಂದ ಕಾಣೂದಿಲ್ಲ. ನಾ ನೆಲದ ಮ್ಯಾಲೇ ಕುಂಡರ್ತೀನಿ."

ಎಂಥ ವಿನಯ ಎಂದುಕೊಂಡೆ. ಗೋಣಿಚೀಲ ಹೊಲಿದು ಕಟ್ಟಿದ್ದ ಪರದೆ ನೆಲದಿಂದ ಒಂದೂವರೆ ಅಡಿ ಮೇಲೇ ನಿಂತಿತ್ತು. ಅದನ್ನೂ ನೋಡಿದ್ದೆ. ಮುಖ, ಕೈ ಕಾಣದಿದ್ದರೆ ಸಾಕಲ್ಲ ಎಂದು ಸುಮ್ಮನಾದೆ.

ಬೆಳಿಗ್ಗೆಯಿಂದ ಜನ ಬಂದರು, ಬೆರಳಿಗೆ ಶಾಯಿ ಹಚ್ಚಿಸಿಕೊಂಡರು, ಒಳಗೆ ಹೋಗಿ ಬಂದರು. ಗಲಾಟೆಯಿಲ್ಲ, ಮಾತಿಲ್ಲ. ಇಷ್ಟು ಸುಲಭದ ಡ್ಯೂಟಿ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ಮಧ್ಯಾಹ್ನ ಯಲ್ಲವ್ವ ಎಂಬ ಹೆಂಗಸು ಬಂದಳು. ಅವಳು ಪರದೆಯಿಂದ ಈಚೆ ಬಂದದ್ದೇ ತಡ, ಭೀಮಪ್ಪ ಎದ್ದು ನಿಂತ.

"ಯಲ್ಲವ್ವ, ನಿನ್ನ ಕಾಲು ಬಲಕ್ಕ ಯಾಕ ಹೋದುವು?"

ಅವಳು ತಲೆ ತಗ್ಗಿಸಲಿಲ್ಲ. "ಗಣ್ಯಾಗ ಮದ್ದಿನ ಸುರಂಗ ಸಿಡದು ನಮ್ಮ ಮನಿಯವರ ಕಾಲು ಹೋದಾಗ ದವಾಖಾನಿಗೆ ಒಯ್ದಾಂವ ಆ ಸೈಕಲ್ಲಿನಾಂವ, ಭೀಮಣ್ಣ. ನೀ ಅಲ್ಲ."

"ಭಂಡಾರ ಮುಟ್ಟಿದ್ದಿಲ್ಲೇನು?"

"ಮುಟ್ಟೀನಿ. ಬಾಯಿ ಬಿಟ್ಟು ಏನೂ ಅಂದಿಲ್ಲ."

ನಾನು ಎದ್ದೆ. ಭೀಮಪ್ಪ ಕೂತಿದ್ದ ಜಾಗದಲ್ಲೇ ಹೋಗಿ ಕೂತು, ಮುಂದಿನ ಮತದಾರನನ್ನು ಒಳಗೆ ಕಳಿಸಿದೆ. ಎರಡು ಪಾದಗಳು ಎಡಕ್ಕೆ ನಡೆದು, ನಿಂತು, ಹಿಂದಿರುಗಿದ್ದು ಸ್ಪಷ್ಟವಾಗಿ ಕಾಣಿಸಿತು. ಬೆಳಗಿನಿಂದ ಇಡೀ ವಸತಿಯ ಮತವನ್ನು ಅವನು ಹೀಗೆ ಕೂತಲ್ಲೇ ಓದಿದ್ದ. ಹಿಂದಿನ ರಾತ್ರಿ ಅಲ್ಲೇ ಮಲಗಲು ತಂದಿದ್ದ ನನ್ನ ಹಾಸಿಗೆಯ ಚಾದರ ತೆಗೆದು ಪರದೆಯ ಕೆಳಗೆ ನೆಲ ಮುಟ್ಟುವಂತೆ ಕಟ್ಟಿಸಿದೆ. ಭೀಮಪ್ಪನನ್ನು ಗದರಿಸಿ ಖುರ್ಚಿಯ ಮೇಲೆ ಕೂರಿಸಿದೆ. ಆದರೆ ಅಷ್ಟರಲ್ಲಿ ಮುಕ್ಕಾಲು ಪಾಲು ಮತದಾನ ಮುಗಿದಿತ್ತು.

ನಡೆದದ್ದನ್ನೆಲ್ಲ ದಾಖಲಿಸಲೆಂದು ಪ್ರಿಸೈಡಿಂಗ್ ಆಫೀಸರರ ಡೈರಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ಯಲ್ಲವ್ವ ಹತ್ತಿರ ಬಂದಳು.

"ಬರೀಬ್ಯಾಡ್ರಿ ಸಾಹೇಬ್ರ. ನೀವು ಸಂಜಿಗೆ ಲೋಕಲ್ ಹಿಡದು ಹೋಗ್ತೀರಿ. ನಾ ಇಲ್ಲೇ ಇರಾಕಿ."

"ಮತದಾನ ಶಾಂತಿಯುತವಾಗಿ ನಡೆಯಿತು" ಎಂದು ಬರೆದೆ. ಅವಳಿಗಾಗಿ ಬರೆದೆನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ವಿಚಾರಣೆ, ಕಾಗದಪತ್ರ, ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವುದು, ಇವೆಲ್ಲ ತಪ್ಪಿತೆಂಬ ನೆಮ್ಮದಿಯೂ ಅದರಲ್ಲಿತ್ತು. ಆ ನೆಮ್ಮದಿಗೆ ಇಂದಿಗೂ ನಾಚುತ್ತೇನೆ.

ಮರುವರ್ಷ ಮತದಾರರ ಪಟ್ಟಿ ಪರಿಷ್ಕರಣೆಗೆ ಮತ್ತೆ ನನ್ನನ್ನೇ ಅಲ್ಲಿಗೆ ಕಳಿಸಿದರು. ಯಲ್ಲವ್ವನ ಗುಡಿಸಲಿನಲ್ಲಿ ಬೇರೆ ಸಂಸಾರವಿತ್ತು. ಅವಳ ಕೆಲಸ ಚುನಾವಣೆಯ ಮರುವಾರವೇ ಹೋಗಿತ್ತಂತೆ. ಕಾಲಿಲ್ಲದ ಗಂಡನನ್ನು ಕರೆದುಕೊಂಡು ಎಲ್ಲಿಗೆ ಹೋದಳೋ ಯಾರೂ ಹೇಳಲಿಲ್ಲ. ಗೊತ್ತಿದ್ದವರೂ ನನಗೆ ಹೇಳುವ ಹಾಗಿರಲಿಲ್ಲ, ಯಾಕೆಂದರೆ ಪಕ್ಕದಲ್ಲೇ ಭೀಮಪ್ಪ ನಿಂತಿದ್ದ. ನಿಯಮದಂತೆ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದು "ಸ್ಥಳದಲ್ಲಿಲ್ಲ" ಎಂದು ಬರೆದೆ. ಆ ವಸತಿಯಲ್ಲಿ ತನ್ನ ಮನಸ್ಸಿನಂತೆ ಮತ ಹಾಕಿದವಳು, ನನಗೆ ತಿಳಿದ ಮಟ್ಟಿಗೆ, ಅವಳೊಬ್ಬಳೇ. ಅವಳ ಹೆಸರು ಹೊಡೆದುಹಾಕಿದ ಕೈ ನನ್ನದು.

ಆಮೇಲೆ ಮುದ್ರೆ ಒತ್ತುವ ಪದ್ಧತಿ ಬಂತು. ನಿವೃತ್ತಿಯಾಗುವವರೆಗೂ ಎಷ್ಟೋ ಮತಗಟ್ಟೆಗಳಲ್ಲಿ ಕೆಲಸ ಮಾಡಿದೆ. ಹೋದ ಕೂಡಲೇ ಅರಗು, ಸೀಲು ನೋಡುವ ಮೊದಲು, ಪರದೆಯ ಎದುರು ನೆಲದ ಮೇಲೆ ಕೂತು ನೋಡುತ್ತಿದ್ದೆ. ಜೊತೆಯವರು ನಗುತ್ತಿದ್ದರು. ನಾನು ಯಾರಿಗೂ ಕಾರಣ ಹೇಳಲಿಲ್ಲ. ಚಾದರವೊಂದನ್ನು ಮಾತ್ರ ಪ್ರತಿ ಸಲವೂ ಹೆಚ್ಚಿಗೆ ಒಯ್ಯುತ್ತಿದ್ದೆ.