ಬೀರುವಿನಲ್ಲಿ ಬೆಂದ ಫೈರ್‌ವಾಲ್

ಒಪ್ಪಿಕೊಂಡುಬಿಡುತ್ತೇನೆ: ಫೈರ್‌ವಾಲಿಗೆ ಕಾವು ಕೊಟ್ಟವನು ನಾನೇ. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಬೀರುವಿನೊಳಗೆ ಬಲ್ಬು ಉರಿಸಿಡುವುದು ನಮ್ಮ ಮೂಡಿಗೆರೆ ಕಡೆಯ ಪದ್ಧತಿ. ರೇಷ್ಮೆ ಸೀರೆಗೆ ಸಲ್ಲುವ ಮರ್ಯಾದೆ ಅಷ್ಟು ದುಬಾರಿ ಯಂತ್ರಕ್ಕೆ ಸಲ್ಲಬೇಡವೇ? ಎಸ್ಟೇಟ್ ಆಫೀಸಿನ ಮರದ ಬೀರುವಿನಲ್ಲಿ ಅದನ್ನು ಕೂರಿಸಿ, ಪಕ್ಕದಲ್ಲಿ ಬಲ್ಬು ಹಚ್ಚಿ, ಬಾಗಿಲು ಜಡಿದೆ. ಬಾಣಂತಿಗೂ ಅಂಥ ಆರೈಕೆ ಸಿಗುವುದಿಲ್ಲ.

ಫೈರ್‌ವಾಲ್ ಅಂದರೆ ಒಂದು ಚೆಕ್‌ಪೋಸ್ಟು. ಇಂಟರ್ನೆಟ್ಟಿನಲ್ಲಿ ನಮ್ಮ ಮಾತು, ಮುಖ ಎಲ್ಲವೂ ಪ್ಯಾಕೆಟ್ ಎಂಬ ಚೂರುಗಳಾಗಿ ಓಡಾಡುತ್ತವೆ. ಇದು ಒಂದೊಂದನ್ನೂ ತಡೆದು, ನೋಡಿ, ಬೇಕಾದ್ದನ್ನು ಒಳಗೆ ಬಿಡುತ್ತದೆ, ಬೇಡದ್ದನ್ನು ಹೊರಗೇ ನಿಲ್ಲಿಸುತ್ತದೆ. ಬಾಬಾಬುಡನ್‌ಗಿರಿಗೆ ಕಾಫಿ ಬೀಜ ಬಂದದ್ದೇ ಬಂದರಿನ ಕಾವಲಿನವರ ಕಣ್ಣು ತಪ್ಪಿಸಿ ಅನ್ನುತ್ತಾರೆ. ಅಂದು ಅಲ್ಲಿ ಕಾವಲಿಗೆ ನಾನಿದ್ದಿದ್ದರೆ ಬೀಜ ಇನ್ನೂ ಸುಲಭವಾಗಿ ಬಂದರು ದಾಟುತ್ತಿತ್ತು. ಹಡಗು ಮಾತ್ರ ಮುಳುಗುತ್ತಿತ್ತು.

ನಾನು ಕಂಪ್ಯೂಟರ್ ನೋಡಿಕೊಳ್ಳುವ ಜಾವಳಿಯ ಎಸ್ಟೇಟಿನ ಯಜಮಾನಿ ಶೈಲಕ್ಕ, ಈ ವರ್ಷ ಕಾಫಿ ಹಣ್ಣಿಗೆ ಹುಳಿ ಬರಿಸಿ ಹೊಸ ಬಗೆಯ ಕಾಫಿ ಮಾಡಿದ್ದರು. ಸ್ಯಾಂಪಲ್ ಕುಡಿದ ಜರ್ಮನಿಯ ವ್ಯಾಪಾರಿ ವಿಡಿಯೊ ಕಾಲಿನಲ್ಲಿ ತೀರ್ಪು ಹೇಳುವುದಿತ್ತು. ಅವನು ಒಪ್ಪದಿದ್ದರೆ, "ನಾವು ಆಗ್ಲೇ ಹೇಳಿದ್ವು" ಅನ್ನಲು ಶೈಲಕ್ಕನ ಮೈದುನಂದಿರು ಬಾಯಿ ತೊಳೆದುಕೊಂಡು ಕಾಯುತ್ತಿದ್ದರು.

"ವೆರಿ ಗುಡ್ ಸ್ಮೆಲ್," ಅಂದವನು ತೆರೆಯ ಮೇಲೆ ಕಲ್ಲಾದ. ಜೀವ ಬಂದು, "ಬ್ಯೂಟಿಫುಲ್ ಫ್ರೂಟ್" ಅಂದ. ಮತ್ತೆ ಕಲ್ಲು.

"ಏನಂತೆ ಮಾರಾಯ?" ಶೈಲಕ್ಕ ಕೇಳಿದರು.

"ಹೊಗಳ್ತಿದ್ದಾನೆ ಅಕ್ಕ."

"ಹೊಗಳೋನು ಯಾಕೆ ಹಂಗೆ ಬಾಯಿ ಕಳ್ಕೊಂಡು ಕೂತಿದ್ದಾನೆ?"

ನಾಳೆ ಮತ್ತೆ ಮಾತಾಡೋಣ ಎಂದು ಅವನು ಮೆಸೇಜು ಹಾಕಿದ. ಅಷ್ಟರೊಳಗೆ ರೋಗ ಎಲ್ಲಿದೆಯೆಂದು ಪತ್ತೆ ಹಚ್ಚಬೇಕು.

ಬೀರು ತೆಗೆದು, ಲ್ಯಾಪ್‌ಟಾಪ್ ಸಿಕ್ಕಿಸಿ ಕೂತೆ. ಪ್ಯಾಕೆಟ್‌ಗಳು ಯಂತ್ರದೊಳಗೆ ಬರುತ್ತಿದ್ದವು, ಅದರಿಂದ ಹೊರಬೀಳುವ ಮುಂಚೆ ಕಾಣೆಯಾಗುತ್ತಿದ್ದವು. ಸ್ವಲ್ಪ ಹೊತ್ತಿಗೆ ತನ್ನಷ್ಟಕ್ಕೇ ಸರಿಹೋಯಿತು. ನಾನೇ ಸರಿ ಮಾಡಿದೆನೆಂದು ಬಾಗಿಲು ಜಡಿದು, ಕಾಫಿ ಕುಡಿದು, ಮೀಸೆ ತಿರುವಿ ಬಂದರೆ ಮತ್ತೆ ಅದೇ ರಗಳೆ. ಬಾಗಿಲು ತೆಗೆದರೆ ಸರಿ, ಹಾಕಿದರೆ ತಕರಾರು. ಮೆದುಳಿದ್ದವನು ಅಲ್ಲೇ ಹಿಡಿಯುತ್ತಿದ್ದ. ನಾನು ಕೇಬಲ್ ಬದಲಿಸಿದೆ, ಇಂಟರ್ನೆಟ್ ಕಂಪನಿಯವರಿಗೆ ಬೈದೆ, ತಂತಿಯ ಮೇಲೆ ಜೋತಾಡುವ ಮಂಗಗಳ ವಂಶಕ್ಕೇ ಶಾಪ ಹಾಕಿದೆ. ಕೊನೆಗೆ, ನನ್ನ ಮುಖ ಕಂಡರೆ ಯಂತ್ರಕ್ಕೆ ಭಯ, ಅದಕ್ಕೇ ನೆಟ್ಟಗಾಗುತ್ತದೆ ಎಂಬ ಸಿದ್ಧಾಂತಕ್ಕೂ ಬಂದೆ.

ಆ ಹೆಮ್ಮೆಯಲ್ಲೇ ಅದರ ಬೆನ್ನು ತಟ್ಟಲು ಹೋದೆ. ಚುರ್ ಅಂತು! ಪಾಪದ ಯಂತ್ರ ರೊಟ್ಟಿ ಕಾವಲಿಯಾಗಿತ್ತು. ಸೆಕೆಗೆ ಬಸವಳಿದು ಕೆಲಸ ನಿಧಾನವಾಗಿ, ಕಾದು ನಿಂತ ಪ್ಯಾಕೆಟ್‌ಗಳ ಸಾಲು ಬೆಳೆದು, ಹಿಡಿಯಲಾಗದ್ದನ್ನೆಲ್ಲ ಕೈಬಿಡುತ್ತಿತ್ತು. ಬಲ್ಬು ಕಿತ್ತೆ, ಬೀರುವಿನ ಬಾಗಿಲನ್ನೂ ಕಳಚಿಟ್ಟೆ.

ಮರುದಿನ ವ್ಯಾಪಾರಿ ಪಕ್ಕದಲ್ಲೇ ಕೂತವನಷ್ಟು ಸ್ಪಷ್ಟ. ಒಂದಕ್ಷರ ಬೀಳಲಿಲ್ಲ. ಪರಿಮಳ ಚೆಂದ, ಹಣ್ಣಿನ ರುಚಿ ಚೆಂದ, ಆದರೆ ಹುಳಿ ವಿಪರೀತ, ಈ ವರ್ಷ ನನಗೆ ಬೇಡ ಎಂಬುದನ್ನು ಸಾವಕಾಶವಾಗಿ, ಕಾರಣಗಳ ಸಮೇತ ವಿವರಿಸಿದ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕನೆಕ್ಷನ್ ನೋಡಿಲ್ಲ.

ನಾನು ನೆಲ ನೋಡುತ್ತ ನಿಂತೆ. ಶೈಲಕ್ಕ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ನಕ್ಕುಬಿಟ್ಟರು.

"ಹುಳಿ ಕಮ್ಮಿ ಮಾಡೋದು ನನಗೆ ಬಿಡು. ಆದ್ರೆ ಬೇಡದ್ದು ಒಳಗೆ ಬರ್ಬಾರ್ದು ಅಂತ ತಾನೆ ಆ ಪೆಟ್ಟಿಗೆ ತಂದದ್ದು? ನಿನ್ನೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿತ್ತು ಮಾರಾಯ! ರಿಪೇರಿ ಮಾಡಿ ಹಾಳು ಮಾಡಿದ್ಯಲ್ಲ."