ಟೋರ್ಕಿಲ್ಲನ ಅಲುಗದ ಹಗ್ಗ

ಟೋರ್ಕಿಲ್ ದ್ವೀಪದ ಒಂದೇ ಒಂದು ಬಸ್ಸನ್ನು ನಿವೃತ್ತಿಯವರೆಗೂ ಓಡಿಸಿದವನು. ನಿಲ್ದಾಣದ ಬಿಳಿ ಗೆರೆಯಿಂದ ಚಕ್ರ ಒಂದು ಬೆರಳು ಆಚೀಚೆ ನಿಂತರೂ ಅವನಿಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಬಸ್ಸು ಕೈತಪ್ಪಿದ ಮೇಲೆ ಆ ಶಿಸ್ತೆಲ್ಲ ಹೆಂಡತಿ ಡಾಗ್ನಿಯ ಪುಟ್ಟ ಹಾಯಿದೋಣಿಯ ಮೇಲೆ ಬಿತ್ತು.

ದೋಣಿ ಡಾಗ್ನಿಗೆ ಅಪ್ಪನಿಂದ ಬಂದದ್ದು. ಕಳೆದ ಬೇಸಿಗೆಯಲ್ಲಿ ಟೋರ್ಕಿಲ್ ಅದನ್ನು ಬಂದರಿನ ಕಟ್ಟೆಗೆ ಗುದ್ದಿಸಿ ಹಲಗೆ ಒಡೆದಾಗ ಅವಳು ಹೇಳಿದ್ದಳು: "ಇನ್ನೊಂದು ಸಲ ಏನಾದ್ರೂ ಮುರೀತು ಅಂದ್ರೆ ದೋಣಿ ವಿಗ್ಗೊಗೆ ಕೊಟ್ಬಿಡ್ತೀನಿ." ವಿಗ್ಗೊ ಅವಳ ತಮ್ಮ; ಹಾಯಿ ಮಡಿಸಲೂ ಬಾರದವನು ಎಂಬುದು ಭಾವನ ತೀರ್ಪು.

ಇನ್ನು ದೋಣಿ ಅಲುಗಲೇಬಾರದೆಂದು ನಿಶ್ಚಯಿಸಿ ಟೋರ್ಕಿಲ್ ಹಗ್ಗ ಮಾರುವ ಏಗೊನನ ಅಂಗಡಿಗೆ ಹೋದ.

"ಕಟ್ಟೋದಕ್ಕಾದ್ರೆ ನೈಲಾನ್ ತಗೋ," ಎಂದ ಏಗೊನ್. "ಎಳೆದ್ರೆ ಸ್ವಲ್ಪ ಹಿಗ್ಗುತ್ತೆ. ದೋಣಿ ಜಗ್ಗಿದಾಗ ಹಗ್ಗ ತಗ್ಗಬೇಕು."

"ಹಿಗ್ಗೋ ಹಗ್ಗ ಹಗ್ಗವೇ ಅಲ್ಲ. ಆ ದಪ್ಪದ್ದು ಕೊಡು."

"ಅದು ಹಾಯಿ ಏರಿಸೋದಕ್ಕೆ, ಅದೂ ದೊಡ್ಡ ಹಡಗಿನದು. ಒಂದು ನೂಲೂ ಹಿಗ್ಗಲ್ಲ."

"ನಾನೂ ಅದನ್ನೇ ಕೇಳ್ತಿರೋದು."

ದೋಣಿಯಂಚಿನ ಮುಂದಿನ ಹಿಂದಿನ ಗೂಟಗಳಿಗೆ ಅವನು ಆ ಹಗ್ಗವನ್ನು ಬಿಗಿದ ರೀತಿಗೆ ದೋಣಿ ಕಟ್ಟೆಗೆ ಅಂಟಿಸಿದ ಅಂಚೆಚೀಟಿಯಂತೆ ಕಂಡಿತು. ಪಕ್ಕದ ದೋಣಿಯ ಕಾರ್ಲಾ ಮುದುಕಿ ಬಗ್ಗಿ ನೋಡಿದಳು. "ಟೋರ್ಕಿಲ್ ಮರೀ, ದ್ವೀಪಕ್ಕೆ ದೋಣಿ ಕಟ್ಟಿದ್ದೀಯೋ, ದೋಣಿಗೆ ದ್ವೀಪ ಕಟ್ಟಿದ್ದೀಯೋ?"

ಆ ಬಂದರಿನಲ್ಲಿ ಉಬ್ಬರವಿಳಿತ ಎಂಬುದು ಹೆಸರಿಗಷ್ಟೆ. ಆದರೆ ಪಶ್ಚಿಮದ ಗಾಳಿ ಜೋರಾಗಿ ಬೀಸಿದರೆ ನೀರು ಗಂಟುಮೂಟೆ ಕಟ್ಟಿ ಪೂರ್ವಕ್ಕೆ ಹೊರಟುಬಿಡುತ್ತದೆ, ದೋಣಿಗಳೆಲ್ಲ ಕೆಳಗಿಳಿಯುತ್ತವೆ. ಆಗ ಕಟ್ಟೆಯ ಮೇಲೆ ಯಾರಿದ್ದರೂ ಸರಿ, ಕೇಳದೆ ಎಲ್ಲರ ಹಗ್ಗವನ್ನೂ ಸಡಿಲಿಸುತ್ತಾ ಹೋಗುವುದು ಪದ್ಧತಿ. ತನ್ನ ಗಂಟನ್ನು ಬೇರೆಯವರು ಮುಟ್ಟುವುದನ್ನು ಸಹಿಸದ ಟೋರ್ಕಿಲ್ ಬೋರ್ಡೊಂದನ್ನು ನೇತುಹಾಕಿದ: "ಮುಟ್ಟಬಾರದು."

ಗಾಳಿ ಬಂದದ್ದು ಭಾನುವಾರ, ವಿಗ್ಗೊನ ಹುಟ್ಟುಹಬ್ಬದ ದಿನ. ಅವನ ಮನೆಯಲ್ಲಿ ಕೇಕಿನ ಸುತ್ತ ಪುಟ್ಟ ಕೆಂಪು-ಬಿಳಿ ಬಾವುಟಗಳು, ನೆಂಟರ ಹಾಡು. ಕಿಟಕಿಯಾಚೆ ಬಂದರು. ಬೇರೆ ಪಟಸ್ತಂಭಗಳೆಲ್ಲ ನೆಟ್ಟಗೆ ಕೆಳಗಿಳಿಯುತ್ತಿದ್ದರೆ ಒಂದೇ ಒಂದು ಮಾತ್ರ ಮೆಲ್ಲಗೆ ವಾಲುತ್ತಿತ್ತು. ಹಾಡು ಮುಗಿಯುವ ಮುನ್ನ ಏಳುವಂತಿಲ್ಲ. ಹಾಡಿಗೋ ಚರಣದ ಮೇಲೆ ಚರಣ.

"ಭಾವ, ಕೇಕ್ ತಗೊಳ್ಳಿ," ಎಂದ ವಿಗ್ಗೊ, ಅವನೂ ಕಿಟಕಿಯತ್ತ ನೋಡುತ್ತಾ. "ದೋಣಿ ನೇತಾಡ್ತಿದೆಯಲ್ಲ, ಒಣಗೋಕೆ ಹಾಕಿದ್ದೀರಾ?"

ಅಷ್ಟರಲ್ಲಿ ಬಂದರಿನಿಂದ ಟೋರ್ಕಿಲ್ಲನಿಗೆ ಫೋನು ಬಂತು. ವಿಗ್ಗೊ ಎಲ್ಲರಿಗೂ ಕೇಳುವಂತೆ ಅದನ್ನು ಮೇಜಿನ ಮೇಲಿಟ್ಟ. ಕಾರ್ಲಾ.

"ಮರೀ, ನಿನ್ನ ಹಗ್ಗ ಮುಟ್ಟಬಹುದಾ? ಬೋರ್ಡ್ ಹಾಕಿದ್ದೀಯಲ್ಲ, ಅದಕ್ಕೇ ಕೇಳ್ತಿದ್ದೀನಿ. ಹಗ್ಗ ಹಾಕಿರೋ ಮುಂದಿನ ಗೂಟ ಕಿರುಗುಟ್ತಿದೆ."

ಡಾಗ್ನಿ ಚಮಚ ಕೆಳಗಿಟ್ಟಳು. ವಿಗ್ಗೊ ಫೋನಿನತ್ತ ಬಾಗಿದ.

"ಸಡಿಲಿಸು," ಎಂದ ಟೋರ್ಕಿಲ್ ಗೋಡೆಯನ್ನು ನೋಡುತ್ತಾ.

"ಅಷ್ಟು ಭಾರಕ್ಕೆ ಗಂಟು ಕಲ್ಲಾಗಿದೆಯಪ್ಪಾ. ನನ್ನದೊಂದು ಉದ್ದ ಹಗ್ಗ ಹಾಕಿಟ್ಟಿದ್ದೀನಿ, ದೋಣಿ ಎಲ್ಲೂ ಹೋಗಲ್ಲ. ನಿನ್ನದನ್ನ ಕೊಯ್ಯಬೇಕು."

ಅವನಿಗೆ ಆ ಹೊಳೆಯುವ ಬಿಳಿ ಹಗ್ಗ ಕಣ್ಣಿಗೆ ಕಟ್ಟಿತು. ಕೊಯ್ಯಬೇಡ ಎಂದರೆ ಗೂಟ ಕಿತ್ತುಬರುತ್ತದೆ, ಗೂಟದ ಜೊತೆ ದೋಣಿಯ ಹಲಗೆ, ಹಲಗೆಯ ಹಿಂದೆಯೇ ದೋಣಿ ಕೇಳುವ ವಿಗ್ಗೊ. ಕೊಯ್ಯಿ ಎಂದರೆ ಮೇಜಿನ ಸುತ್ತ ಇಷ್ಟೊಂದು ಕಿವಿ.

"ಕೊಯ್ಯಿ," ಎಂದ. ಆಮೇಲೆ, ಇನ್ನೂ ಸಣ್ಣ ದನಿಯಲ್ಲಿ, "ನಾನು ಕಟ್ಟಿದ್ದೇ ತಪ್ಪು."

ಫೋನಿನೊಳಗೆ ಚಾಕು ಗರಗರ ಎಂದಿತು, ಆಮೇಲೆ ಒಂದು ದೊಡ್ಡ ಧಡಂ, ಆಮೇಲೆ ಕಾರ್ಲಾಳ ನಗು. "ನೆಟ್ಟಗೆ ಕೂತಿದೆ. ಗೂಟವೂ ಇದೆ, ಹಲಗೆಯೂ ಇದೆ. ನಾನು ಮಾತ್ರ ಪೂರ್ತಿ ಒದ್ದೆ."

ವಿಗ್ಗೊ ಕೇಕಿನ ಪಕ್ಕದ ಬಾವುಟವೊಂದನ್ನು ಕಿತ್ತಿಟ್ಟ. "ಒಂದು ಸಣ್ಣ ಬಿರುಕೂ ಇಲ್ವಾ?"

"ಇಲ್ಲ," ಎಂದಳು ಡಾಗ್ನಿ, ಗಂಡನ ತಟ್ಟೆಗೆ ಎರಡನೆಯ ತುಂಡು ಹಾಕುತ್ತಾ. "ನಾಳೆ ಅಂಗಡಿಗೆ ನಾನೂ ಬರ್ತೀನಿ. ಹಗ್ಗ ನಾನು ಆರಿಸ್ತೀನಿ. ನೀನು ಇನ್ನೊಂದು ತುದಿ ಹಿಡ್ಕೊಂಡು ಎಳಿ, ಹಿಗ್ಗುತ್ತಾ ನೋಡೋಣ, ಅಷ್ಟೆ."

ಟೋರ್ಕಿಲ್ ಆಗಲಿ ಎಂದ. ಕೇಕು ಚೆನ್ನಾಗಿತ್ತು, ಅದನ್ನು ವಿಗ್ಗೊಗೆ ಹೇಳಲಿಲ್ಲ.