ಬುಧವಾರದ ಕೇಕು

ಯಾರ್ಕ್‌ಶೈರಿನ ಕಿರ್ಕ್‌ಬೆಕ್ ಊರಿನಲ್ಲಿ ಯಾರು ತೀರಿಕೊಂಡರೂ, ಮಣ್ಣು ಮುಗಿಸಿ ಬಂದವರಿಗೆ ಚಹಾ ಕೊಡುತ್ತಿದ್ದವರು ವಿನಿ ಹಾರ್ಕರ್. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದ ಗಂಡ ಹೋದ ಮೇಲೆ, ಪ್ರಾರ್ಥನಾ ಮಂದಿರದ ಪಕ್ಕದ ಸಭಾಂಗಣವನ್ನು ಗುಡಿಸಿ ಒರೆಸುವ ಕೆಲಸ ಆಕೆಗೆ ಬಂತು. ಅದರ ಕೀಲಿಕೈ ಇಪ್ಪತ್ತೆರಡು ವರ್ಷ ಆಕೆಯ ಏಪ್ರನ್ನಿನ ಜೇಬಿನಲ್ಲಿಯೇ ಇತ್ತು. ಕೇಳಿದ್ದಕ್ಕೆ ಉತ್ತರ ಕೊಡುವರು, ಕೇಳದ್ದನ್ನು ಹೇಳರು. ಆ ಊರಿನ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಪಾಠ ಹೇಳಿದೆ. ಅಷ್ಟೂ ವರ್ಷ ಆಕೆ ನನ್ನೊಡನೆ ಆಡಿದ ಮಾತುಗಳನ್ನು ಬರೆದಿಟ್ಟಿದ್ದರೆ ಒಂದು ಸ್ಲೇಟು ಸಾಕಾಗುತ್ತಿತ್ತು.

ಆಗಸ್ಟ್ ತಿಂಗಳ ಎರಡನೆಯ ಶನಿವಾರ ಆ ಸಭಾಂಗಣದಲ್ಲಿ ಊರಿನ ಪ್ರದರ್ಶನ. ಬಾಗಿಲ ಬಳಿ ಈರುಳ್ಳಿ, ಬಟಾಣಿ, ಗುಲಾಬಿ. ಒಳಗಿನ ಉದ್ದ ಮೇಜಿನ ಮೇಲೆ ಕೇಕುಗಳು. ಬ್ರೆಡ್ಡಿನ ಅಚ್ಚಿನಲ್ಲಿ ಬೇಯಿಸಿದ ಚಾಕೊಲೇಟ್ ಕೇಕಿಗೆ ಬೇರೆಯೇ ಸ್ಪರ್ಧೆಯಿತ್ತು. ಬೆಣ್ಣೆ ಎಷ್ಟು, ಕಂದು ಸಕ್ಕರೆ ಎಷ್ಟು, ಕರಗಿಸಿದ ಚಾಕೊಲೇಟ್ ಎಷ್ಟು, ಕೊನೆಯಲ್ಲಿ ಸುರಿಯುವ ಬಿಸಿನೀರು ಎಷ್ಟು ಎಂಬುದನ್ನೆಲ್ಲ ಸಮಿತಿಯೇ ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಿತ್ತು. ಎಲ್ಲರದೂ ಒಂದೇ ಅಳತೆ. ಆದರೂ ಐದು ವರ್ಷ ಮೊದಲ ಬಹುಮಾನ ವಿನಿಯವರಿಗೇ ಬಂದಿತ್ತು. ಉಳಿದವರ ಕೇಕಿಗೆ ಚಾಕು ಹಾಕಿದರೆ ಪುಡಿ ಉದುರುತ್ತಿತ್ತು. ಆಕೆಯದು ಕಪ್ಪಗೆ, ಒದ್ದೆಯಾಗಿ, ಚಾಕುವನ್ನೇ ಬಿಡುತ್ತಿರಲಿಲ್ಲ.

ಐದನೆಯ ಬಹುಮಾನ ಬಂದ ದಿನ ಸಂಜೆಯೇ ಮೇವಿಸ್ ಟೆನಂಟ್ ನಮ್ಮ ಮನೆಗೆ ಬಂದರು. ಅವರ ಮನೆಗೂ ವಿನಿಯವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಐದು ವರ್ಷವೂ ಎರಡನೆಯ ಬಹುಮಾನ ಅವರದು. ನಾನು ಸಮಿತಿಯ ಕಾರ್ಯದರ್ಶಿ.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿನ್ನೆ ಇಡೀ ದಿನ ವಿನಿ ಒಲೆ ಹಚ್ಚಿಲ್ಲ. ಅವಳು ಈರುಳ್ಳಿ ಹುರಿದ್ರೂ ನನ್ನ ಮೂಗಿಗೆ ಬರುತ್ತೆ. ಕೇಕಿನ ವಾಸನೆ ಎಲ್ಲಿ?”

“ಮೊನ್ನೆ ಮಾಡಿರಬಹುದು.”

“ಮೊನ್ನೆ, ನಿನ್ನೆ, ಎರಡು ದಿನಾನೂ ಸಭಾಂಗಣದ ನೆಲ ಉಜ್ಜುತ್ತಾ ಇದ್ಲು. ಆದ್ರೆ ಮಂಗಳವಾರ ಸ್ಕಿಪ್ಟನ್ ಬಸ್ಸಿಂದ ಒಂದು ಡಬ್ಬಿ ಹಿಡ್ಕೊಂಡು ಇಳಿದ್ಲು. ಕೊಡು, ನಾನು ಹಿಡ್ಕೋತೀನಿ ಅಂದ್ರೆ ಕೂಸಿನ ಹಾಗೆ ಅವಚಿಕೊಂಡ್ಲು. ಅವಳ ತಂಗಿ ಆಲಿಸ್ ಎಲ್ಲಿ ಕೆಲಸಕ್ಕಿದ್ದಾಳೆ ಅಂತ ನಾನು ಹೇಳ್ಬೇಕಾ?”

ಹೇಳಬೇಕಾಗಿರಲಿಲ್ಲ. ಆಲಿಸ್ ಇದ್ದದ್ದು ಸ್ಕಿಪ್ಟನ್ ಪೇಟೆಯ ಬೇಕರಿಯೊಂದರಲ್ಲಿ.

ಮೇವಿಸ್ ಹೋದ ಮೇಲೆ ನನ್ನ ಮನಸ್ಸೂ ಸುಮ್ಮನಿರಲಿಲ್ಲ. ವಿನಿಯವರು ಯಾರನ್ನೂ ಅಡುಗೆಮನೆಗೆ ಕರೆದವರಲ್ಲ. ಕೇಕಿನ ಮಾತು ತೆಗೆದರೆ ಕಸಬರಿಕೆ ಹಿಡಿದು ಆಚೆ ನಡೆಯುತ್ತಿದ್ದರು. ನಿನ್ನೆಯವರೆಗೆ ಅದು ಸಂಕೋಚವೆಂದು ತಿಳಿದಿದ್ದೆ. ಈಗ ಅದೇ ನಡತೆಗೆ ಬೇರೆ ಬಣ್ಣ ಬಂತು. ವಾರದೊಳಗೆ ಮಾತು ಊರೆಲ್ಲ ಸುತ್ತಿತು. ಭಾನುವಾರದ ಚಹಾಕೂಟದಲ್ಲಿ ಆಕೆ ತಟ್ಟೆ ಚಾಚಿದಾಗ ಇಬ್ಬರು ಹೊಟ್ಟೆ ತುಂಬಿದೆಯೆಂದರು.

ಕೊನೆಗೆ ಸಮಿತಿಯ ಅಧ್ಯಕ್ಷ ಸಿರಿಲ್ ಮೆಟ್‌ಕಾಫ್ ನನ್ನ, ಮೇವಿಸ್ ಅವರ ಎದುರಿಗೆ ಆಕೆಯನ್ನು ಸಭಾಂಗಣಕ್ಕೆ ಕರೆಸಿದರು. ಕುರಿ ಸಾಕುವವರು, ಕುರಿಗಳೊಡನೆ ಇದ್ದಷ್ಟು ನಯ ಮನುಷ್ಯರೊಡನೆ ಇರಲಿಲ್ಲ.

“ಮಿಸೆಸ್ ಹಾರ್ಕರ್, ಆ ಕೇಕು ನೀವೇ ಮಾಡಿದ್ದಾ?”

“ಹೂಂ.”

“ಯಾವಾಗ?”

“ಬುಧವಾರ.”

ಮೇವಿಸ್ ಗಟ್ಟಿಯಾಗಿ ನಕ್ಕರು. “ನಾನು ಮಗಳ ಮನೆಗೆ ಹೋಗೋ ದಿನವೇ ಸಿಕ್ತಾ ನಿನಗೆ? ಬುಧವಾರದ ಕೇಕು ಶನಿವಾರಕ್ಕೆ ಇಟ್ಟಿಗೆ ಆಗಿರುತ್ತೆ ಕಣೇ ವಿನಿ!”

“ಡಬ್ಬಿಯಲ್ಲಿ ಏನಿತ್ತು?” ಎಂದರು ಸಿರಿಲ್.

“ಚಾಕೊಲೇಟ್ ಚೂರು. ಮುರಿದದ್ದನ್ನ ಆಲಿಸ್‌ಗೆ ಅಗ್ಗಕ್ಕೆ ಕೊಡ್ತಾರೆ.”

ನಮ್ಮೂರಿನಲ್ಲಿ ಕೇಕನ್ನು ಪ್ರದರ್ಶನದ ಹಿಂದಿನ ದಿನ ಬೇಯಿಸುವುದು ವಾಡಿಕೆ. ಅಂದೇ ಬೆಳಗ್ಗೆ ಬೇಯಿಸಿ ಬಿಸಿಬಿಸಿ ತಂದಿಟ್ಟರೆ ಇನ್ನೂ ಹೆಮ್ಮೆ. ಮೂರು ದಿನದ ಹಳಸಲನ್ನು ಸ್ಪರ್ಧೆಗೆ ಇಡುವವರುಂಟೇ? ಸುಳ್ಳು ಹೇಳುವುದಕ್ಕೂ ಆಕೆಗೆ ಬರಲಿಲ್ಲವಲ್ಲ ಎಂದು ನಾನೂ ಅಂದುಕೊಂಡೆ.

“ಬರೋ ಶನಿವಾರ ಇಲ್ಲೇ, ನಮ್ಮೆದುರಿಗೇ ಮಾಡಿ,” ಎಂದರು ಸಿರಿಲ್. “ಅದೇ ಕೇಕು ಬಂದ್ರೆ ಎಲ್ಲರೂ ಕ್ಷಮೆ ಕೇಳ್ತೀವಿ. ಬರದಿದ್ರೆ ಕೀಲಿಕೈ ಮೇಜಿನ ಮೇಲಿಟ್ಟು ಹೋಗಿ. ನಂಬಿಕೆ ಇಲ್ಲದೋರ ಕೈಲಿ ಊರಿನ ಬಾಗಿಲು ಬಿಡೋಕಾಗಲ್ಲ.”

ಶನಿವಾರ ಬೆಳಗ್ಗೆ ಹತ್ತಕ್ಕೆ ವಿನಿಯವರು ಸಭಾಂಗಣದ ಅಡುಗೆಮನೆಯಲ್ಲಿ ಬೆಣ್ಣೆ, ಸಕ್ಕರೆ ಕಲಸಿದರು. ಮೊಟ್ಟೆ ಒಡೆದರು. ಕರಗಿದ ಚಾಕೊಲೇಟ್ ಸುರಿದರು. ಹಿಟ್ಟನ್ನು ಒಂದೊಂದೇ ಚಮಚ, ಬಿಸಿನೀರನ್ನು ಒಂದೊಂದೇ ಗುಟುಕು ಸೇರಿಸುತ್ತ ಹೋದರು. ಮೇವಿಸ್ ಪ್ರತಿಯೊಂದು ಪಾತ್ರೆಯನ್ನೂ ಮೂಸಿ ನೋಡಿದರು. ಕೇಕು ಬೆಂದು ಹೊರಬಂದು, ಅಚ್ಚಿನಲ್ಲಿಯೇ ಆರಿತು.

“ಇದನ್ನ ಮಂಗಳವಾರ ಕತ್ತರಿಸಿ,” ಎಂದರು ವಿನಿ.

“ಅಲ್ಲೀವರೆಗೆ ಇದು ಎಲ್ಲಿರುತ್ತೆ? ಕೀಲಿಕೈ ನಿನ್ನ ಹತ್ರ, ಬಸ್ಸು ದಿನಾ ಇದೆ,” ಎಂದರು ಮೇವಿಸ್.

ಸಿರಿಲ್ ಅಲ್ಲಿಯೇ ಕತ್ತರಿಸಿದರು. ಪುಡಿ ಉದುರಿತು. ಎಲ್ಲರ ಮನೆಯ ಕೇಕಿನಂತೆಯೇ ಅದೂ ಒಣ ಕೇಕು. ವಿನಿಯವರು ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದರು. ಕೀಲಿಕೈಯನ್ನು ಏಪ್ರನ್ನಿನಿಂದ ಒರೆಸಿ ಮೇಜಿನ ಮೇಲಿಟ್ಟು ಹೊರಟುಹೋದರು.

ಉಳಿದ ಅರ್ಧ ಕೇಕನ್ನು ನಾನು ಕಾಗದದಲ್ಲಿ ಸುತ್ತಿ ಮನೆಗೆ ತಂದೆ. ಆಕೆಯನ್ನು ನಂಬಿದ್ದರಿಂದಲ್ಲ. ಮಂಗಳವಾರ ಎಂದರಲ್ಲ, ಆ ಸುಳ್ಳಿನ ಕೊನೆಯನ್ನೂ ನೋಡಿಬಿಡೋಣವೆಂದು. ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹೆಂಡತಿಗೂ ಬೀಗದ ಕೈ ಕೊಡಲಿಲ್ಲ.

ಮಂಗಳವಾರ ಮಧ್ಯಾಹ್ನ ಮುಚ್ಚಳ ತೆಗೆದಾಗ ಚಾಕೊಲೇಟ್ ವಾಸನೆ ಮುಖಕ್ಕೆ ಹೊಡೆಯಿತು. ಕೇಕು ಕಪ್ಪಾಗಿತ್ತು. ಚಾಕು ಒಳಗೆ ಹೋಯಿತು. ಹೊರಗೆ ಬರಲು ಒಪ್ಪಲಿಲ್ಲ.

ಡಬ್ಬಿಯೊಡನೆ ಸಿರಿಲ್ ಮನೆಗೆ ಹೋಗಿ, ಮೇವಿಸ್ ಅವರನ್ನೂ ಕರೆಸಿದೆ. ಇಬ್ಬರೂ ತಿಂದರು.

“ಇದು ಅದೇನಾ? ಬದಲಾಯಿಸಿಲ್ಲ ತಾನೇ ಮೇಷ್ಟ್ರೇ?” ಎಂದರು ಮೇವಿಸ್.

“ಈಗ ನನ್ನ ಮೇಲೂ ಅನುಮಾನವಾ? ಪಾರ್ಕಿನ್ ಮಾಡಿದ ದಿನಾನೇ ತಿಂತೀಯೇನಮ್ಮ ನೀನು?” ಎಂದೆ.

ಶುಂಠಿ, ಓಟ್ಸ್, ಕಾಕಂಬಿ ಹಾಕಿದ ಪಾರ್ಕಿನ್ನನ್ನು ಯಾರ್ಕ್‌ಶೈರಿನಲ್ಲಿ ಯಾರೂ ವಾರ ಕಳೆಯದೆ ಮುಟ್ಟುವುದಿಲ್ಲ. ಡಬ್ಬಿಯಲ್ಲಿ ಅದು ಮೆತ್ತಗಾಗುವುದನ್ನು ಅಜ್ಜಿಯಂದಿರ ಕಾಲದಿಂದ ಕಂಡವರು ನಾವು. ಆದರೆ ಚಾಕೊಲೇಟ್ ಕೇಕನ್ನು ಪೇಟೆಯ ಅತಿಥಿಯೆಂದು ಬಗೆದು, ಬಂದ ದಿನವೇ ಊಟ ಹಾಕಿ ಕಳಿಸುತ್ತಿದ್ದೆವು; ಡಬ್ಬಿಯಲ್ಲಿಟ್ಟು ಕಾದವರಿಲ್ಲ. ಪ್ರದರ್ಶನದ ಹಿಂದಿನ ಎರಡು ದಿನ ಸಭಾಂಗಣ ಉಜ್ಜುವ ಕೆಲಸವಿದ್ದುದರಿಂದ ವಿನಿಯವರು ಬುಧವಾರವೇ ಬೇಯಿಸಿಡುತ್ತಿದ್ದರು. ಆಕೆಯ ಗುಟ್ಟು ಇಷ್ಟೇ. ಅದನ್ನೂ ಆಕೆ ನಮ್ಮ ಮುಖದೆದುರೇ ಹೇಳಿದ್ದರು.

ಸಿರಿಲ್ ಟೋಪಿ ತೆಗೆದು, ಕೀಲಿಕೈ ಹಿಡಿದು ಆಕೆಯ ಬಾಗಿಲು ತಟ್ಟಿದರು. ಹಿಂದೆ ನಾವಿಬ್ಬರು.

“ಕ್ಷಮಿಸಿ ಮಿಸೆಸ್ ಹಾರ್ಕರ್. ತಪ್ಪು ನಮ್ಮದು.”

“ಕಾಲು ಒರೆಸ್ಕೊಂಡು ಬನ್ನಿ. ಕೀಲಿಕೈ ಆ ಮೊಳೆಗೆ ಹಾಕಿ,” ಎಂದರು ವಿನಿ. ಚಹಾ ಕೊಟ್ಟರು. ಕೇಕು ಕೊಡಲಿಲ್ಲ.

ಮರುವರ್ಷ ಪ್ರದರ್ಶನದ ವಾರ, ಬುಧವಾರ, ನಮ್ಮ ಬೀದಿಗೆ ಬೀದಿಯೇ ಚಾಕೊಲೇಟ್ ವಾಸನೆ ಹೊಡೆಯಿತು. ಮೇವಿಸ್ ಮಗಳ ಮನೆಗೆ ಸೋಮವಾರವೇ ಹೋಗಿ ಬಂದು, ಆ ದಿನ ಮನೆಯಲ್ಲೇ ಇದ್ದರು. ಸಂಜೆ ಹಿಟ್ಟಿನ ಕೈಯಲ್ಲಿಯೇ ನನ್ನ ಗೇಟಿನ ಬಳಿ ಬಂದರು.

“ಮೇಷ್ಟ್ರೇ, ಬೆಳಗ್ಗಿಂದ ಗೋಡೆಗೆ ಮೂಗು ಇಟ್ಟಿದ್ದೀನಿ. ವಿನಿ ಮನೇಲಿ ಒಲೆ ಹೊತ್ತಿಲ್ಲ. ಏನೋ ನಡೀತಿದೆ.”

ಶನಿವಾರ ಆರನೆಯ ಬಾರಿ ಮೊದಲ ಬಹುಮಾನದ ಚೀಟಿಯ ಮೇಲೆ ನಾನು ವಿನಿಯವರ ಹೆಸರನ್ನು ಬರೆದೆ. ಹೇಗೂ ಕೇಳಿದರೆ ಹೇಳುವವರಲ್ಲವೇ ಎಂದುಕೊಂಡು, ಈ ಬಾರಿ ಯಾವಾಗ ಬೇಯಿಸಿದಿರೆಂದು ಕೇಳಿಯೇಬಿಟ್ಟೆ.

“ಸೋಮವಾರ,” ಎಂದು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು.